ಅಪ್ಪನ ಮುಂಗೈಯ ಬಣ್ಣ

ಕುವೈತಿನಲ್ಲಿ ಶುಕ್ರವಾರ ಶಾಲೆಯಿಲ್ಲ, ಹಾಗಾಗಿ ಕೂದಲಿಗೆ ಇಸ್ತ್ರಿಯೂ ಇಲ್ಲ. ಶಾಲೆಯ ದಿನಗಳಲ್ಲಿ ಐದೂಮುಕ್ಕಾಲಿಗೆ ಸ್ಪಂದನಾಳನ್ನು ಸ್ಟೂಲಿನ ಮೇಲೆ ಕೂರಿಸಿ, ಅರೆನಿದ್ದೆಯಲ್ಲಿ ತೂಗುವ ಅವಳ ತಲೆಯನ್ನು ಎಡಗೈಯಲ್ಲಿ ಹಿಡಿದು, ಬಿಸಿ ಇಕ್ಕಳದ ನಡುವೆ ಒಂದೊಂದೇ ಎಳೆಯನ್ನು ಸಿಕ್ಕಿಸಿ ಎಳೆಯುವಾಗ ಏಳುವ ವಾಸನೆ, ಸುಟ್ಟ ಕೂದಲಿನದೋ ಕಾದ ಕೊಬ್ಬರಿ ಎಣ್ಣೆಯದೋ ಹೇಳಲಾಗದಂಥದು, ಪಾವನಾಳ ಮೂಗಿನಲ್ಲಿ ಮಧ್ಯಾಹ್ನದವರೆಗೂ ಕೂತಿರುತ್ತಿತ್ತು. ಲ್ಯಾಬಿನಲ್ಲಿ ಸ್ಪಿರಿಟ್ಟಿನ ವಾಸನೆಯ ಕೆಳಗೂ ಅದು ಇರುತ್ತಿತ್ತು. ಹೋದ ತಿಂಗಳು ಮಗಳು ತಟ್ಟನೆ ಕತ್ತು ತಿರುಗಿಸಿದಾಗ ಕಿವಿಯ ಹಿಂದೆ ಇಕ್ಕಳ ತಾಗಿ, ಹುಣಸೆಬೀಜದಷ್ಟು ಚರ್ಮ ಎದ್ದುಬಂದಿತ್ತು. ಅಳಲಿಲ್ಲ ಅವಳು. "ಇಟ್ಸ್ ಓಕೆ ಅಮ್ಮಾ" ಎಂದಳು. ಒಂಬತ್ತು ವರ್ಷದ ಹುಡುಗಿ ಅಷ್ಟು ಬೇಗ ಕ್ಷಮಿಸಬಾರದಿತ್ತು ಎಂದು ಪಾವನಾಳಿಗೆ ಅನಿಸಿತ್ತು. ಆ ಕಲೆ ಈಗ ಆರಿ, ಸುತ್ತಲಿನ ಚರ್ಮಕ್ಕಿಂತ ಒಂದು ಪಟ್ಟು ಕಪ್ಪಾಗಿ ಉಳಿದಿತ್ತು. ಇವತ್ತು ಕೂದಲು ತೊಳೆದು ಹಾಗೇ ಬಿಟ್ಟಿದ್ದರಿಂದ ಅದು ಕಾಣುತ್ತಿರಲಿಲ್ಲ. ಒದ್ದೆ ಆರುತ್ತ ಆರುತ್ತ ಗುಂಗುರು ಬಿಗಿಯಾಗಿ ಸುರುಳಿ ಸುತ್ತಿ ಮೇಲೆದ್ದು, ಮಗಳ ತಲೆ ಮನೆಯೊಳಗಿನ ಯಾರದೂ ಅಲ್ಲದ ಆಕಾರ ತಾಳಿತ್ತು.

ಯಾರದೂ ಅಲ್ಲದ್ದೇನಲ್ಲ. ಅದು ಹಳಿಯಾಳದ ಸರ್ಕಾರಿ ಆಸ್ಪತ್ರೆಯ ಜೀಪ್ ಡ್ರೈವರ್ ಗಣಪ ಸಿದ್ದಿಯ ತಲೆ. ನಿವೃತ್ತನಾಗಿ ಎಂಟು ವರ್ಷ. ಒಂದು ಕಣ್ಣಿನ ಪೊರೆ ತೆಗೆಸಿಕೊಂಡಿದ್ದಾನೆ, ಇನ್ನೊಂದು ಬಾಕಿ. ಪಾವನಾಳ ಅಪ್ಪ. ಪ್ರತಿ ಶುಕ್ರವಾರ ಅಲ್ಲಿಯ ಸಂಜೆ ಆರೂವರೆಗೆ, ಇಲ್ಲಿಯ ನಾಲ್ಕಕ್ಕೆ, ಫೋನಿನ ಪರದೆಯ ಮೇಲೆ ಬರುತ್ತಾನೆ. ಅವಳು ಅವನನ್ನು ಬಾಲ್ಕನಿಯಲ್ಲಿ, ಬಾಗಿಲೆಳೆದುಕೊಂಡು ಭೇಟಿಯಾಗುತ್ತಾಳೆ. ಮನೆಯಲ್ಲಿ ಯಾರಾದರೂ ಬಂದಿದ್ದರೆ ಬಚ್ಚಲಲ್ಲಿ, ನಲ್ಲಿ ಬಿಟ್ಟು.

"ನಾಲ್ಕಕ್ಕೆಲ್ಲ ಸ್ಪಂದನಾ ಡಾನ್ಸಿನ ಮೇಕಪ್ ಟ್ರಯಲ್ ಅಂತೆ" ಎಂದು ಬೆಳಿಗ್ಗೆ ಹೇಳಿದಾಗ ಗಂಡ ನಿತೇಶ್, ಮೀನಾ ಅಲ್ ಅಹ್ಮದಿಯ ಎಣ್ಣೆ ರಿಫೈನರಿಯ ಪಾಳಿಗೆ ಬೂಟು ಕಟ್ಟುತ್ತಿದ್ದ. "ಹೋಗ್ಬಾ. ಪದ್ಮಮ್ಮ ಬೇಜಾರು ಮಾಡ್ಕೋತಾರೆ" ಎಂದ. ಆಮೇಲೆ ಬಾಗಿಲ ಬಳಿ ತಿರುಗಿ, "ನಿನಗೆ ಕಷ್ಟ ಆದ್ರೆ ಬೇಡ" ಎಂದೂ ಸೇರಿಸಿದ. ಅವನ ಒಳ್ಳೆಯತನವೇ ಹಾಗೆ, ಎರಡು ಬಾಗಿಲನ್ನೂ ತೆರೆದಿಟ್ಟು ತಾನು ಹೊರಟುಬಿಡುವುದು. ಸಿದ್ದಿ ಎಂದು ಹೇಳಿಕೊಳ್ಳಬೇಡ ಎಂದು ಅವನು ಒಂದು ದಿನವೂ ಹೇಳಿದವನಲ್ಲ. ಹನ್ನೊಂದು ವರ್ಷದ ಹಿಂದೆ ಕನ್ನಡ ಸಂಘದ ಯುಗಾದಿ ಊಟದಲ್ಲಿ ಮೊದಲ ಸಲ ಪರಿಚಯ ಮಾಡಿಸುವಾಗ, "ನಮ್ಮನೆಯವರು, ನಾರ್ತ್ ಕೆನರಾ ಕಡೆ" ಎಂದ, ಅಷ್ಟೆ. ಉಳಿದದ್ದನ್ನು ಎದುರಿನವರೇ ತುಂಬಿಕೊಂಡರು. "ಆ ಕಡೆ ಬಿಸಿಲು ಜಾಸ್ತಿ ಅಲ್ವೇನಮ್ಮ, ಅದಕ್ಕೇ. ಕಪ್ಪಿದ್ರೂ ಎಷ್ಟು ಲಕ್ಷಣ" ಎಂದು ಪದ್ಮಮ್ಮ ಅವಳ ಗಲ್ಲ ಹಿಡಿದಿದ್ದರು. ಬಿಸಿಲು ಎಂಬ ಆ ಒಂದು ಮಾತಿನ ನೆರಳಲ್ಲಿ ಅವಳು ಹನ್ನೊಂದು ವರ್ಷ ಕೂತಿದ್ದಳು. ಮೂರು ತಿಂಗಳಿಗೊಮ್ಮೆ ಪಾರ್ಲರಿನಲ್ಲಿ ಕಣ್ಣುರಿಯುವ ಕ್ರೀಮು ಹಚ್ಚಿಸಿಕೊಂಡು ತನ್ನ ಕೂದಲನ್ನು ನೇರ ಮಾಡಿಸುವುದು ಆ ನೆರಳಿಗೆ ಕೊಡುವ ಬಾಡಿಗೆಯಂತಾಗಿತ್ತು.

ಮೈದಾನ್ ಹವಲ್ಲಿಯ ಹಳೆಯ ಕಟ್ಟಡವೊಂದರ ನೆಲಮಾಳಿಗೆಯ ಹಾಲಿನಲ್ಲಿ ರಿಹರ್ಸಲ್. ಇಳಿಯುವ ಮೆಟ್ಟಿಲಿನ ಮೇಲೆ ಸೊಳ್ಳೆ ಔಷಧಿಯ, ಯಾರದೋ ಮನೆಯ ಮಚ್‌ಬೂಸ್ ಅನ್ನದ ವಾಸನೆ. ಸ್ಪಂದನಾ ಎರಡೆರಡು ಮೆಟ್ಟಿಲು ಹಾರುತ್ತ ಇಳಿದಳು. ಹೋದ ವಾರ ಡಾನ್ಸ್ ಮಾಸ್ತರ ರೋಶನ್ ಅವಳ ತಲೆಯನ್ನು ಎರಡೂ ಕೈಯಲ್ಲಿ ಕೆದರಿ, "ಇವಳಿಗೆ ವಿಗ್ ಬೇಡ್ವೇ ಬೇಡ, ರೆಡಿಮೇಡ್ ಉಂಟು! ಬ್ಯಾಲೆನ್ಸ್ ಹನ್ನೊಂದು ವಿಗ್ ತಂದ್ರೆ ಸಾಕು" ಎಂದು ಘೋಷಿಸಿದಾಗ ಎಲ್ಲ ಮಕ್ಕಳೂ ಚಪ್ಪಾಳೆ ತಟ್ಟಿದ್ದರು. ಅವತ್ತು ಕಾರಿನಲ್ಲಿ ಮಗಳು ಕನ್ನಡಿ ಇಳಿಸಿಕೊಂಡು ದಾರಿಯುದ್ದಕ್ಕೂ ನೋಡಿಕೊಂಡಳು. "ಅಮ್ಮಾ, ರೋಶನ್ ಅಂಕಲ್ ಸೆಡ್ ಮೈ ಹೇರ್ ಈಸ್ ಪರ್ಫೆಕ್ಟ್. ಕ್ಯಾನ್ ಐ ಕೀಪ್ ಇಟ್? ಜಸ್ಟ್ ಫಾರ್ ದ ಶೋ?" ಪಾವನಾ ಸಿಗ್ನಲ್ಲಿನ ಕೆಂಪು ದೀಪವನ್ನೇ ನೋಡುತ್ತ, "ಶೋಗೆ ಮಾತ್ರ" ಎಂದಿದ್ದಳು. ಮಗಳ ಕೂದಲನ್ನು ಒಬ್ಬರು ಮೆಚ್ಚಿದ್ದು ಅದೇ ಮೊದಲು. ಮೆಚ್ಚಿದ್ದು ತಾಯಿಯಲ್ಲ.

ರಾಜ್ಯೋತ್ಸವಕ್ಕೆ ಈ ವರ್ಷ 'ಕರ್ನಾಟಕದ ಜನಪದ ವೈಭವ'. ಕೋಲಾಟ, ಕಂಸಾಳೆ, ಸುಗ್ಗಿ, ಮತ್ತು ಮಕ್ಕಳಿಂದ ಸಿದ್ದಿ ನೃತ್ಯ. ಪಟ್ಟಿ ವಾಟ್ಸ್ಯಾಪಿಗೆ ಬಂದ ದಿನ ಪಾವನಾ ಆ ಶಬ್ದವನ್ನು ಕನ್ನಡ ಅಕ್ಷರದಲ್ಲಿ, ಯಾರೋ ಹಾಕಿದ ಎರಡು ಡೋಲಿನ ಚಿತ್ರದ ಪಕ್ಕದಲ್ಲಿ ನೋಡಿ, ಫೋನನ್ನು ಮಗುಚಿಟ್ಟಿದ್ದಳು. ಕೊನೆಯ ಸಲ ಆ ಶಬ್ದವನ್ನು ಬರೆದದ್ದು ತನ್ನ ಹೆಸರಿನ ಜೊತೆಗೆ. ಪಾವನಾ ಗಣಪ ಸಿದ್ದಿ. ಮದುವೆಯ ನಂತರ ಪಾಸ್‌ಪೋರ್ಟಿನಲ್ಲಿ ಪಾವನಾ ನಿತೇಶ್ ಆದಾಗ ಆ ಎರಡಕ್ಷರ ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ. ಅದಕ್ಕಿಂತ ಮೊದಲು, ಹದಿನೆಂಟರ ವಯಸ್ಸಿನಲ್ಲಿ, ಅದೇ ಎರಡಕ್ಷರಕ್ಕಾಗಿ ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ಮೂರು ದಿನ ಕಾದಿದ್ದಳು. ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನ ಸೀಟಿಗೆ ಜಾತಿ ಪ್ರಮಾಣಪತ್ರ ಬೇಕಿತ್ತು. ಗುಮಾಸ್ತ ಅವಳನ್ನು ನೋಡಿದ, ಪಕ್ಕದಲ್ಲಿ ಕೂತಿದ್ದ ಅವ್ವನನ್ನು ನೋಡಿದ. ಅವ್ವ ಧಾರವಾಡದ ಕಡೆಯವಳು, ಆಸ್ಪತ್ರೆಯ ನರ್ಸು, ಗೋದಿ ಬಣ್ಣ, ಹಣೆತುಂಬ ಕುಂಕುಮ. "ಈ ಹುಡುಗಿ ಅಷ್ಟೇನು ಸಿದ್ದಿ ಇದ್ದಂಗ ಕಾಣೂದಿಲ್ಲಲ್ಲ" ಎಂದ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದಿದ್ದ ಎರಡು ಜಡೆ ಅವತ್ತು. ಅವ್ವ ಅವಳ ರಿಬ್ಬನ್ ಎಳೆದು, ಜಡೆ ಬಿಚ್ಚಿ, ಬೆರಳಿನಿಂದ ಕೂದಲು ಕೆದರಿ ಗುಮಾಸ್ತನ ಕಡೆ ಅವಳ ತಲೆ ಬಗ್ಗಿಸಿದಳು. ಸಂತೆಯಲ್ಲಿ ಎಮ್ಮೆಯ ಬಾಯಿ ತೆರೆದು ಹಲ್ಲು ತೋರಿಸಿದ ಹಾಗೆ. "ಆತ್ ಬಿಡ್ರಿ" ಎಂದು ಅವನು ಸೀಲು ಒತ್ತಿದ. ಹೊರಬಂದ ಮೇಲೆ ಅವ್ವ ಮರದ ಕೆಳಗೆ ನಿಂತು ಮತ್ತೆ ಜಡೆ ಹೆಣೆದಳು. ಅಪ್ಪನ ಕೇರಿಯ ಹುಡುಗಿಯರು ಪಾವನಾಳನ್ನು 'ಬಿಳೀ ಜ್ವಾಳ' ಎನ್ನುತ್ತಿದ್ದರು. ಅವ್ವನ ತವರಿನವರು ಏನೂ ಅನ್ನುತ್ತಿರಲಿಲ್ಲ, ಏಕೆಂದರೆ ಕರೆಯುತ್ತಲೇ ಇರಲಿಲ್ಲ. ಅಲ್ಲಿ ಸಾಲದಷ್ಟು ಸಿದ್ದಿ, ಇಲ್ಲಿ ಹೆಚ್ಚಾಗಿಬಿಟ್ಟ ಸಿದ್ದಿ. ಎಲ್ಲಿ ಎಷ್ಟು ಇರಬೇಕು ಎಂಬುದನ್ನು ಬೇರೆಯವರೇ ನೋಡಿ ಹೇಳಬೇಕು.

"ಬಂದ್ಯಾ ಪಾವನ! ನಿನ್ನನ್ನೇ ಕಾಯ್ತಿದ್ದೆ ಕಣೇ." ಪದ್ಮಮ್ಮ ಹಾಲಿನ ಮಧ್ಯದಿಂದಲೇ ಕೂಗಿದರು. ಅರವತ್ತು ದಾಟಿದ, ಮೂವತ್ತೆರಡು ವರ್ಷದಿಂದ ಕುವೈತಿನಲ್ಲಿರುವ, ಸಂಘದ ಅಧ್ಯಕ್ಷ ರಾಜಗೋಪಾಲರ ಹೆಂಡತಿ. ಸ್ಪಂದನಾ ಹುಟ್ಟಿದಾಗ ನಲವತ್ತು ದಿನ ಟಿಫನ್ ಕ್ಯಾರಿಯರಿನಲ್ಲಿ ಬಾಣಂತಿಯ ಊಟ ಹೊತ್ತು ತಂದವರು. ಅವ್ವ ಸತ್ತ ಸುದ್ದಿ ಬಂದಾಗ ವಿಮಾನದ ಟಿಕೆಟ್ಟಿನಿಂದ ಹಿಡಿದು ಚೀಲ ತುಂಬಿಕೊಡುವವರೆಗೆ ಜೊತೆಗಿದ್ದವರು. ಅವರೆದುರು ಈಗ ಬಾಯಿ ತೆರೆದರೆ ಹೇಳಿದ್ದಷ್ಟೇ ಅಲ್ಲ, ಹೇಳದೆ ಉಳಿಸಿಕೊಂಡ ಹನ್ನೊಂದು ವರ್ಷವೂ ಜೊತೆಗೆ ಹೊರಬೀಳುತ್ತದೆ. ಆ ನಲವತ್ತು ದಿನದ ಊಟವನ್ನು ತಾನು ಸುಳ್ಳು ಹೆಸರಿನಲ್ಲಿ ಉಂಡಂತಾಗುತ್ತದೆ. ಈ ಊರಿನಲ್ಲಿ ಅವಳಿಗೆ ತವರು ಎಂದು ಇದ್ದದ್ದು ಅದೊಂದೇ ಮನೆ.

"ನೋಡು, ರಾಯ್ ಏರಿಯಾದ ಹೋಲ್‌ಸೇಲ್ ಅಂಗಡಿಯಿಂದ ತರಿಸಿದೀನಿ." ಪದ್ಮಮ್ಮ ಒಂದು ರಟ್ಟಿನ ಪೆಟ್ಟಿಗೆ ತೆರೆದರು. ಕಪ್ಪು ಬಣ್ಣದ ಡಬ್ಬಿಗಳು, ಕಂದು ಪ್ಯಾನ್‌ಕೇಕು, ಸ್ಪಂಜು, ಬ್ರಶ್ಶು. "ನಿಂದು ಕೈ ಚೆನ್ನಾಗಿದೆ. ರಂಗೋಲಿ ಕಾಂಪಿಟಿಷನ್ನಲ್ಲಿ ಪ್ರೈಜ್ ತಗೊಂಡೋಳು. ಹನ್ನೆರಡೂ ಮಕ್ಕಳಿಗೆ ನೀನೇ ಹಚ್ಚಬೇಕು. ನಾನು ಒಂದಕ್ಕೆ ಹಚ್ಚಿ ನೋಡ್ದೆ, ಬೂಟ್ ಪಾಲಿಷ್ ಥರ ಆಯ್ತು."

ಆ ಒಂದು, ಪ್ರೀತಮ್ ಎಂಬ ಹತ್ತು ವರ್ಷದ ಹುಡುಗ, ಕುರ್ಚಿಯಲ್ಲಿ ಕೂತು ಕನ್ನಡಿಯಲ್ಲಿ ಹಲ್ಲು ಕಿರಿದು ನೋಡಿಕೊಳ್ಳುತ್ತಿದ್ದ. ಅವನ ಮುಖ ನೀಲಿಗಪ್ಪಾಗಿ, ಬೆಳಕು ಬಿದ್ದಲ್ಲಿ ಬೂದಿಯಾಗಿ ಕಾಣುತ್ತಿತ್ತು. ಕಣ್ಣಿನ ಸುತ್ತ ಹಚ್ಚದೆ ಬಿಟ್ಟ ಬಿಳಿ ಉಂಗುರ. ತುಟಿಗೆ ದಪ್ಪಗೆ ಕೆಂಪು. "ಹೂ ಹಾ ಹೂ ಹಾ!" ಎಂದು ಅವನು ಪಾವನಾಳನ್ನು ಹೆದರಿಸಿದ.

ಮೂಲೆಯಲ್ಲಿ ಹೊಲಿಗೆ ಮಿಷನ್ನಿನ ಹಿಂದೆ ಕೂತಿದ್ದ ಅಲೀಮಾ ಹಸಿರು ಸ್ಯಾಟಿನ್ನಿನ ಎಲೆಗಳನ್ನು ಸೊಂಟಪಟ್ಟಿಗೆ ಸಾಲಾಗಿ ಸೇರಿಸುತ್ತಿದ್ದಳು. ಮೈದಾನ್ ಹವಲ್ಲಿಯಲ್ಲೇ ಟೈಲರ್ ಅಂಗಡಿ ಇಟ್ಟ ಮಂಗಳೂರಿನ ಬ್ಯಾರಿ ಹೆಂಗಸು. "ಇವರು ನಿಜಕ್ಕೂ ಎಲೆ ಉಡುವುದಾ ಪದ್ಮಕ್ಕಾ?" ಎಂದು ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಕೇಳಿದಳು. "ನನ್ನ ಅಣ್ಣನಿಗೆ ಹಳಿಯಾಳದಲ್ಲಿ ಚಪ್ಪಲಿ ಅಂಗಡಿ ಉಂಟು. ಅಲ್ಲಿ ಸಿದ್ದಿಯವರು ಬರ್ತಾರೆ. ಪ್ಯಾಂಟು ಶರ್ಟೇ ಹಾಕಿರ್ತಾರೆ ಮಾರಾಯ್ತಿ."

"ಅಯ್ಯೋ, ಸ್ಟೇಜಿಗೆ ಪ್ಯಾಂಟ್ ಹಾಕಿದ್ರೆ ಯಾರಿಗೆ ಗೊತ್ತಾಗುತ್ತೆ ಅಲೀಮಾ!" ಪದ್ಮಮ್ಮ ನಕ್ಕರು. ರೋಶನ್ ಸ್ಪೀಕರಿನ ತಂತಿ ಸಿಕ್ಕಿಸುತ್ತ, "ಯಲ್ಲಾ ಆಂಟೀ, ಬೇಗ. ಐದೂವರೆಗೆ ಹಾಲ್ ಖಲಾಸ್, ಮತ್ತೆ ಕರಾಟೆಯವ್ರು ಬರ್ತಾರೆ" ಎಂದ.

ಹಳಿಯಾಳ. ಆ ಹೆಸರನ್ನು ಈ ನೆಲಮಾಳಿಗೆಯಲ್ಲಿ ಬೇರೆಯವರ ಬಾಯಲ್ಲಿ ಕೇಳಿ ಪಾವನಾಳ ಕೈ ಡಬ್ಬಿಯ ಮುಚ್ಚಳದ ಮೇಲೆ ನಿಂತಿತು. ಅಪ್ಪ ಆ ಅಂಗಡಿಯಲ್ಲೇ ಚಪ್ಪಲಿ ಕೊಂಡಿರಬಹುದು. ಬಲಗಾಲಿಗೆ ಬ್ರೇಕು ಒತ್ತಿ ಒತ್ತಿ ಅವನ ಬಲಚಪ್ಪಲಿ ಯಾವಾಗಲೂ ಮೊದಲು ಸವೆಯುತ್ತಿತ್ತು. ಅವಳು ಮುಚ್ಚಳ ತಿರುಗಿಸಿದಳು. ಒಂದು ಪ್ಲಾಸ್ಟಿಕ್ ತಟ್ಟೆಯಲ್ಲಿ ಕಪ್ಪು ತೆಗೆದುಕೊಂಡು, ಅದಕ್ಕೆ ಕಂದು ಸೇರಿಸಿ, ಕಲಸಿ, ತನ್ನ ಎಡಗೈಯ ಮುಂಗೈ ಮೇಲೆ ಒಂದು ಗೆರೆ ಎಳೆದು ನೋಡಿದಳು. ಅಲ್ಲ. ಇದು ಸತ್ತ ಬಣ್ಣ. ಕೊಬ್ಬರಿ ಎಣ್ಣೆ ಎರಡು ಹನಿ. ಇನ್ನೂ ಅಲ್ಲ. ಪದ್ಮಮ್ಮನ ಕೈಚೀಲದಿಂದ ಕುಂಕುಮದ ಭರಣಿ ಕೇಳಿ ಇಸಿದುಕೊಂಡು ಚಿಟಿಕೆಯಷ್ಟು ಉದುರಿಸಿದಳು. ಯಾಕೆಂದರೆ ಅದು ಬರೀ ಕಪ್ಪಲ್ಲ, ಒಳಗೆ ಕೆಂಪಿದೆ. ಸಂಜೆ ಜೀಪು ನಿಲ್ಲಿಸಿ ಅಪ್ಪ ಕಿಟಕಿಯಾಚೆ ಇಟ್ಟ ಬಲಗೈಯನ್ನು ಎತ್ತಿಕೊಳ್ಳುವಾಗ, ಬಿಸಿಲು ಹತ್ತಿದ ಆ ಒಂದು ಮುಂಗೈ ಇನ್ನೊಂದಕ್ಕಿಂತ ಕಪ್ಪಾಗಿ, ಒಳಗಿನಿಂದ ಕೆಂಡದಂತೆ ಹೊಳೆಯುತ್ತಿತ್ತು. ಅಷ್ಟು ಕಪ್ಪಿಗೂ ಬಿಸಿಲು ಹತ್ತುತ್ತದೆಯೇ ಎಂದು ಚಿಕ್ಕವಳಿದ್ದಾಗ ಕೇಳಿದ್ದಳು. "ಬಿಸಿಲಿಗೇನ್ ಗೊತ್ತವಾ ಯಾರು ಎಷ್ಟು ಕಪ್ಪು ಅಂತ" ಎಂದಿದ್ದ. ಮೂರನೆಯ ಗೆರೆ ಎಳೆದಳು. ತಟ್ಟನೆ, ಬೆಚ್ಚಿಬೀಳುವ ಹಾಗೆ, ಅದು ಬಂದುಬಿಟ್ಟಿತು. ಅವಳ ತಿಳಿಗಪ್ಪಿನ ಮುಂಗೈ ಮೇಲೆ ಎರಡು ಬೆರಳಿನಗಲ ಅಪ್ಪನ ಕೈ ಇತ್ತು.

"ಅಬ್ಬಾ! ಎಷ್ಟು ನಿಜ ಕಾಣುತ್ತೆ ನೋಡೇ" ಎಂದರು ಪದ್ಮಮ್ಮ, ಬಗ್ಗಿ ಅವಳ ಕೈ ಹಿಡಿದು. "ಹೇಗೆ ಬಂತು ನಿಂಗೆ?"

"ಸುಮ್ನೆ... ಅಂದಾಜಿಗೆ" ಎಂದಳು ಪಾವನಾ.

ಪರ್ಸಿನೊಳಗೆ ಫೋನು ನಡುಗಿತು. ನಾಲ್ಕು. ಅವಳು ಕೈಯಲ್ಲಿ ಬಣ್ಣವಿದೆ ಎಂದು ತನಗೆ ತಾನೇ ಹೇಳಿಕೊಂಡು, ಮೊಣಕೈಯಿಂದ ಪರ್ಸನ್ನು ಕುರ್ಚಿಯ ಕೆಳಗೆ ನೂಕಿದಳು. ನಡುಕ ನೆಲಕ್ಕಿಳಿದು, ಪಾದದವರೆಗೆ ಬಂದು, ನಿಂತಿತು.

ಮಕ್ಕಳು ಸಾಲಾಗಿ ನಿಂತರು. ಒಂದೊಂದು ಮುಖವನ್ನೂ ಗಲ್ಲ ಹಿಡಿದು ಎತ್ತಿ, ಹಣೆಯಿಂದ ಕೆಳಗೆ, ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ ಅವಳು ಸ್ಪಂಜು ಒತ್ತುತ್ತ ಹೋದಳು. ದಿನಕ್ಕೆ ಐವತ್ತು ಜನರ ರಕ್ತ ತೆಗೆಯುವ ಕೈಗೆ ಅದು ಕಷ್ಟವಾಗಲಿಲ್ಲ. ಚರ್ಮದ ಕೆಳಗಿನದು ಎಲ್ಲರಿಗೂ ಒಂದೇ ಬಣ್ಣ ಎಂದು ಕಾಲೇಜಿನಲ್ಲಿ ಮೇಷ್ಟರೊಬ್ಬರು ಭಾಷಣ ಮಾಡುತ್ತಿದ್ದರು. ಆದರೆ ತೋಳು ಕಟ್ಟಿ ನರ ಹುಡುಕುವಾಗ ಮೇಲಿನದನ್ನೇ ನೋಡಬೇಕು. ಹೋದ ವಾರ ಒಬ್ಬಳು ಕುವೈತಿ ಮುದುಕಿ ಬಂದಿದ್ದಳು, ಅಬಾಯಾದೊಳಗಿಂದ ತೆಗೆದ ಅವಳ ತೋಳು ಅಪ್ಪನದಕ್ಕಿಂತ ಒಂದು ಪಟ್ಟು ಕಪ್ಪು. ಹಿಂದೆ ಡ್ರೈವರು, ಪಕ್ಕದಲ್ಲಿ ಫಿಲಿಪಿನೋ ಆಯಾ. ಸೂಜಿ ಚುಚ್ಚುವಾಗ ಮುದುಕಿ ಪಾವನಾಳ ಮುಖವನ್ನೇ ನೋಡುತ್ತಿದ್ದು, ಎಲ್ಲಿಯವಳು ನೀನು ಎಂದು ಅರಬ್ಬಿಯಲ್ಲಿ ಕೇಳಿದಳು. ಇಂಡಿಯಾ ಎಂದಾಗ, ಅದು ಸರಿ, ನಿನ್ನ ಅಜ್ಜಿ? ಎಂದಳು. ಪಾವನಾ ಹತ್ತಿಯನ್ನು ಒತ್ತಿ ಹಿಡಿದು, ಮಡಿಚಿ ಹಿಡಿಯಿರಿ ಎಂದಷ್ಟೇ ಹೇಳಿದಳು. "ನನ್ನ ಅಜ್ಜಿಯನ್ನೂ ಆಫ್ರಿಕಾದಿಂದ ಹಡಗಲ್ಲೇ ತಂದದ್ದು" ಎಂದು ಮುದುಕಿ ಎದ್ದು ಹೋದಳು, ಹವಾಮಾನದ ಮಾತಾಡಿದಷ್ಟು ಹಗುರಾಗಿ. ಮನೆಯ ಲಿಫ್ಟಿನಲ್ಲಿ ಮೂರನೇ ಮಹಡಿಯಲ್ಲಿ ಕೆಲಸಕ್ಕಿದ್ದ ಇಥಿಯೋಪಿಯಾದ ಹುಡುಗಿ, ಬಂದ ಹೊಸತರಲ್ಲಿ, ಮುಖ ಅರಳಿಸಿ ತನ್ನ ಭಾಷೆಯಲ್ಲಿ ಗಳಗಳ ಮಾತಾಡಿದ್ದಳು. ಅಲ್ಲ, ನಾನು ಇಂಡಿಯಾದವಳು ಎಂದರೆ ನಂಬದೆ, ತುಂಟ ಮಗುವಿಗೆ ತಟ್ಟುವ ಹಾಗೆ ಕೆನ್ನೆ ತಟ್ಟಿದ್ದಳು. ಅಂದಿನಿಂದ ಪಾವನಾ ಐದು ಮಹಡಿ ಹತ್ತಿಯೇ ಹೋಗುತ್ತಿದ್ದಳು. ನಿಜವಾಗಿ ಬೇಕಾಗಿದ್ದದ್ದು ಆ ಕೆನ್ನೆ ತಟ್ಟಿದ ಕೈ ಎಂಬುದು ಎಷ್ಟೋ ಸಲ ಮೂರನೆಯ ಮಹಡಿಯ ತಿರುವಿನಲ್ಲಿ ಉಸಿರು ಕಟ್ಟಿ ನಿಂತಾಗ ಹೊಳೆಯುತ್ತಿತ್ತು. ಹುಡುಗಿ ಈಗ ಇರಲಿಲ್ಲ. ಅವಳನ್ನು ಕೆಲಸಕ್ಕೆ ಕರೆಸಿಕೊಂಡಿದ್ದ ಕಫೀಲನ ಮನೆಯವರು ಊರಿಗೆ ಕಳಿಸಿದರಂತೆ.

ಹನ್ನೊಂದು ಮಕ್ಕಳು ಮುಗಿದವು. ವಿಗ್ ತೊಟ್ಟು, ಅಲೀಮಾಳ ಎಲೆ ಉಟ್ಟು, ಅವು ಹಾಲಿನಲ್ಲಿ ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತಿದ್ದವು. ಪಾವನಾ ತಲೆಯೆತ್ತಿ ನೋಡಿದಾಗ ಕ್ಷಣಕಾಲ ಅವಳಿಗೆ ಎದೆ ತುಂಬಿ ಬಂತು. ಕಣ್ಣು ಕಿರಿದು ಮಾಡಿ, ಎಲೆಗಳನ್ನು ನೋಡದೆ ಬರಿಯ ಮುಖಗಳನ್ನು ನೋಡಿದರೆ, ಅದು ದಸರಾ ರಜೆಯಲ್ಲಿ ಅಪ್ಪನ ಅಕ್ಕನ ಮನೆಯ ಅಂಗಳ. ರೋಶನ್ ಹಾಡು ಹಚ್ಚಿದ. ಯಾವ ದೇಶದ್ದೋ ಡೋಲು, ನಡುನಡುವೆ ಕೂಗು. ಅಂಗಳದಲ್ಲಿ ಹೀಗೆ ಯಾರೂ ಕೂಗುತ್ತಿರಲಿಲ್ಲ. ಡಮಾಮಿ ಡೋಲನ್ನು ನೆಲಕ್ಕಿಟ್ಟು ಎರಡೂ ಕಡೆ ಬಡಿಯುತ್ತ, ಅತ್ತೆ ಹಿಂದೆ ಹೋದವರ ಹೆಸರು ಕರೆಯುತ್ತಿದ್ದಳು. ಹೆಂಗಸರು ಕೂತಲ್ಲಿಂದ ಮೆಲ್ಲಗೆ ಏಳುತ್ತಿದ್ದರು. ಪಾವನಾಳಿಗೆ ಆ ಹೆಜ್ಜೆ ಬರುತ್ತಿರಲಿಲ್ಲ. ಗೋಡೆಗೊರಗಿ ಕೂತಿರುತ್ತಿದ್ದಳು, ಬಿಳೀ ಜ್ವಾಳ. ಸ್ಪಂದನಾಳಿಗೂ ಹೆಜ್ಜೆ ಬರುವುದಿಲ್ಲ. ರೋಶನ್ ಅವಳನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿದ್ದು ಕೂದಲಿಗಾಗಿ ಮಾತ್ರ.

"ಅಮ್ಮಾ, ಮೈ ಟರ್ನ್." ಮಗಳು ಕುರ್ಚಿಯ ಮೇಲೆ ಕೂತು, ಕಣ್ಣು ಮುಚ್ಚಿ, ಮುಖ ಮೇಲೆತ್ತಿದಳು.

ದಿನಾ ಬೆಳಿಗ್ಗೆ ಹೀಗೇ ಕೂರುತ್ತಾಳೆ, ಒಪ್ಪಿಸಿಕೊಟ್ಟವಳಂತೆ. ಪಾವನಾ ಅವಳ ಕೂದಲನ್ನು ಹಿಂದಕ್ಕೆ ಒತ್ತಿದಳು. ಕಿವಿಯ ಹಿಂದೆ ಹುಣಸೆಬೀಜದಷ್ಟು ಆ ಕಲೆ. ಸ್ಪಂಜಿನಲ್ಲಿ ಬಣ್ಣ ತೆಗೆದುಕೊಂಡು ಹತ್ತಿರ ತಂದಳು. ಕಲೆಯ ಬಣ್ಣಕ್ಕೂ ಸ್ಪಂಜಿನ ಬಣ್ಣಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ತಾನು ಸುಟ್ಟಲ್ಲಿ ಅಪ್ಪ ಮೇಲೆ ಬಂದಿದ್ದ.

ಕೈ ಹಿಂದೆ ಬಂತು. ಸ್ಪಂಜನ್ನು ತಟ್ಟೆಗೆ ಹಾಕಿದಳು.

"ಏನಾಯ್ತೇ? ಬಣ್ಣ ಸಾಲದಾಯ್ತಾ?" ಪದ್ಮಮ್ಮ ಹತ್ತಿರ ಬಂದರು.

"ಇವಳಿಗೆ ಬೇಡ ಪದ್ಮಮ್ಮ."

"ಯಾಕೆ? ಅಲರ್ಜಿಯಾ?"

"ಅಲ್ಲ. ಇವಳ ಅಜ್ಜ ಸಿದ್ದಿ. ನಮ್ಮಪ್ಪ." ಹಾಡಿನ ಗದ್ದಲಕ್ಕೆ ತನ್ನ ದನಿ ತನಗೇ ಕೇಳಿಸಲಿಲ್ಲ. ಎದ್ದು ನಿಂತು, ಜೋರಾಗಿ ಮತ್ತೆ ಹೇಳಿದಳು. "ನಾನು ಸಿದ್ದಿ, ಪದ್ಮಮ್ಮ."

ಅಷ್ಟರಲ್ಲಿ ಹಾಡು ನಿಂತಿತ್ತು, ಆದ್ದರಿಂದ ಮಾತು ಹಾಲಿಗೆಲ್ಲ ಕೇಳಿತು. ಪದ್ಮಮ್ಮ ಅವಳ ಮುಖವನ್ನು ನೋಡಿದರು. ಅವಳ ಮುಂಗೈ ಮೇಲಿನ ಗೆರೆಗಳನ್ನು, ಬೆರಳುಗಳಿಗೆ ಮೆತ್ತಿದ ಬಣ್ಣವನ್ನು, ಅರಿಯದೆ ಹಣೆ ಒರೆಸಿಕೊಂಡಲ್ಲಿ ಉಳಿದ ಪಟ್ಟಿಯನ್ನು ನೋಡಿದರು. ಮತ್ತೆ ಎರಡೂ ಕೈ ಚಪ್ಪಾಳೆ ತಟ್ಟಿ ನಗತೊಡಗಿದರು.

"ಹೌದು ಕಣಮ್ಮಾ ಹೌದು! ಇವತ್ತು ನಾವೆಲ್ಲ ಸಿದ್ದಿಗಳೇ!" ಎಂದು ತಟ್ಟೆಯಿಂದ ಒಂದು ಬೆರಳು ಬಣ್ಣ ತೆಗೆದು ತಮ್ಮ ಕೆನ್ನೆಗೂ ಎಳೆದುಕೊಂಡರು. ರೋಶನ್ ಸೀಟಿ ಹೊಡೆದ. ಮಕ್ಕಳು "ವೀ ಆರ್ ಸಿದ್ದೀಸ್! ವೀ ಆರ್ ಸಿದ್ದೀಸ್!" ಎಂದು ಕುಣಿದವು. ಎಲ್ಲ ನಗುತ್ತಿದ್ದರು. ಪಾವನಾಳ ತುಟಿಯೂ ಬಿರಿದುಕೊಂಡಿತು. ತಾನೂ ನಗುತ್ತಿದ್ದೇನೆ ಎಂಬುದು ಅವಳಿಗೆ ಕೆನ್ನೆಯ ಸ್ನಾಯು ನೋಯತೊಡಗಿದಾಗ ತಿಳಿಯಿತು. ಎಂಥ ಹಗುರ. ಹೇಳಿಯಾಯಿತು, ಏನೂ ಕಳೆದುಹೋಗಲಿಲ್ಲ. ಪದ್ಮಮ್ಮನ ಮನೆ ಇದ್ದಲ್ಲೇ ಇತ್ತು. ಇನ್ನು ಹತ್ತು ವರ್ಷ ಬೇಕಾದರೂ ಹೀಗೇ ಇರಬಹುದು, ಕೇಳಿದರೆ ನಾನು ಹೇಳಿದ್ದೆನಲ್ಲ ಎನ್ನಬಹುದು. ಆದರೆ ಅಂಗಳದ ಗೋಡೆಗೆ ಒರಗಿ ಕೂತಾಗಲೂ ಇಷ್ಟು ಒಬ್ಬಂಟಿ ಅನಿಸಿರಲಿಲ್ಲ.

ಇಬ್ಬರು ಮಾತ್ರ ನಗುತ್ತಿರಲಿಲ್ಲ. ಮೂಲೆಯಲ್ಲಿ ಅಲೀಮಾಳ ಮಿಷನ್ ನಿಂತಿತ್ತು, ಅವಳು ಗಾಲಿಯ ಮೇಲೆ ಕೈಯಿಟ್ಟು ಇತ್ತಲೇ ನೋಡುತ್ತಿದ್ದಳು. ಮತ್ತೆ ಸ್ಪಂದನಾ. ಅವಳು ಕಣ್ಣು ತೆರೆದಿದ್ದಳು. ಅಜ್ಜನನ್ನು ಅವಳು ಮೂರು ಸಲ ನೋಡಿದ್ದಾಳೆ, ಮೂರು ಸಲವೂ ಹುಬ್ಬಳ್ಳಿಯ ಲಾಡ್ಜಿನಲ್ಲಿ, ಅವನು ಬಸ್ಸಿಳಿದು ಪೇಡೆಯ ಪೊಟ್ಟಣ ಹಿಡಿದು ಬಂದಾಗ. ಅಜ್ಜ ಕಪ್ಪು ಎಂದು ಗೊತ್ತು. ಸಿದ್ದಿ ಎಂಬ ಶಬ್ದವನ್ನು ಕೇಳಿದ್ದು ಈ ಡಾನ್ಸಿನಲ್ಲೇ ಮೊದಲು.

"ಅಮ್ಮಾ," ಎಂದಳು ಮೆಲ್ಲಗೆ, "ವರ್ ಯೂ ಜೋಕಿಂಗ್?"

ಕುರ್ಚಿಯ ಕೆಳಗೆ ಫೋನು ಮತ್ತೆ ನಡುಗತೊಡಗಿತು.

ಪಾವನಾ ಬಗ್ಗಿ, ಬಣ್ಣದ ಕೈಯಲ್ಲೇ ಪರ್ಸು ತೆರೆದು, ಫೋನು ಎತ್ತಿಕೊಂಡಳು. ಕಾಲುಗಳು ತಾವಾಗಿ ಬಚ್ಚಲಿನ ಕಡೆ ಎರಡು ಹೆಜ್ಜೆ ಇಟ್ಟವು. ಹನ್ನೊಂದು ವರ್ಷದ ರೂಢಿ. ಬಾಗಿಲಿನ ಹಿಡಿ ಕೈಗೆ ಸಿಗುವಷ್ಟು ಹತ್ತಿರವಿತ್ತು. ಅಲ್ಲಿ ನಿಂತು, ತಿರುಗಿ, ಹಸಿರು ಗುಂಡಿಯನ್ನು ಒತ್ತಿದಳು.

"ಪಾವ್ನೀ." ಪರದೆಯ ತುಂಬ ಅಪ್ಪನ ಹಣೆ, ಅದರ ಮೇಲೆ ನರೆತ ಗುಂಗುರು. ಫೋನನ್ನು ಯಾವಾಗಲೂ ಹಣೆಗೇ ಹಿಡಿಯುತ್ತಾನೆ. "ಯಾಕವಾ, ಆಗ ಹಚ್ಚಿದ್ರ ಎತ್ತಲಿಲ್ಲ? ಉಂಡೀ ಏನು? ಆರಾಮ ಅದೀ?" ಆ ದೊಡ್ಡ, ಜೀಪಿನ ಇಂಜಿನ್ನಿನ ಮೇಲೆ ಮಾತಾಡಿ ರೂಢಿಯಾದ ದನಿ ಹಾಲಿನ ಗೋಡೆಗಳಿಗೆ ತಾಗಿತು. ನಗು ಒಂದೊಂದಾಗಿ ನಿಂತಿತು. ಪ್ರೀತಮ್ ಹತ್ತಿರ ಬಂದು ಇಣುಕಿ ನೋಡಿದ. "ಆಂಟೀ, ಇವ್ರಿಗೂ ನೀವೇ ಮೇಕಪ್ ಮಾಡಿದ್ದಾ?"

ಪದ್ಮಮ್ಮ ಕೆನ್ನೆಯ ಮೇಲಿನ ಬಣ್ಣದ ಗೆರೆಯೊಂದಿಗೆ ಹಾಗೇ ನಿಂತಿದ್ದರು, ಕೈ ಅರ್ಧ ಮೇಲೆದ್ದು.

ಪರದೆಯಲ್ಲಿ ಹಣೆ ಹಿಂದೆ ಸರಿದು ಅಪ್ಪನ ಕಣ್ಣು ಬಂತು, ಒಂದು ಸ್ಪಷ್ಟ, ಒಂದು ಮಂಜು. ಅವನು ಅವಳ ಭುಜದ ಹಿಂದೆ ನೋಡುತ್ತಿದ್ದ. "ಹಿಂದ ಯಾರವಾ ಅವು? ಸಣ್ಣ ಹುಡುಗ್ರು? ಎಷ್ಟ್ ಮಂದಿ!" ಅವನ ಮುಖ ನಿಧಾನವಾಗಿ ಅರಳಿತು. ಹಾಗೆ ಅರಳಿದ್ದನ್ನು ಅವ್ವ ಹೋದ ಮೇಲೆ ಅವಳು ನೋಡಿರಲಿಲ್ಲ. "ಅಲಾ ಇವಳ, ನಮ್ಮ ಹುಡುಗ್ರು! ಇಷ್ಟ ಮಂದಿ ಅದಾರ ಅಲ್ಲೆ ನಮ್ಮವರು? ಮತ್ತ ನೀ, ನಾ ಒಬ್ಬಾಕೀನ ಅದೇನಿ ಅಂತಿದ್ದಿ?"

ಹೌದಪ್ಪಾ ಎಂದರೆ ಮುಗಿಯುತ್ತಿತ್ತು. ಆ ಮುಖವನ್ನು ಹಾಗೇ ಉಳಿಸಿಡಬಹುದಿತ್ತು.

"ಇಲ್ಲಪ್ಪಾ," ಎಂದಳು. ಇವರ ಎದುರು ಅವಳು ಎಂದೂ ಆಡಿರದ ಮಾತು, ಅವ್ವನ ಮಾತು, ಬಾಯಿಗೆ ಬಂತು. "ಇವರು ನಮ್ಮವರಲ್ಲ. ನಾಟಕಕ್ಕ ಬಣ್ಣ ಹಚ್ಚ್ಯಾರ. ಇಲ್ಲೆ ನಮ್ಮವರು ನಾವಿಬ್ಬರ. ನಾನು, ಸ್ಪಂದನಾ."

ಅಪ್ಪನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ಬಣ್ಣ?" ಎಂದ. ಫೋನು ಹತ್ತಿರ ತಂದು ಒಳ್ಳೆಯ ಕಣ್ಣಿನಿಂದ ನೋಡಿದ. "ನಮ್ಮ ಬಣ್ಣಾನ?"

"ಹೂಂ."

"ಯಾರು ಹಚ್ಚಿದ್ರು?"

"ನಾನ, ಅಪ್ಪಾ."

ಹಿಂದೆ ಎಲ್ಲೋ ಬಸ್ಸೊಂದು ಹಾರನ್ ಹೊಡೆದು ಹೋದದ್ದು ಹಳಿಯಾಳದಿಂದ ಈ ನೆಲಮಾಳಿಗೆಯವರೆಗೆ ಕೇಳಿಸಿತು. ಅಪ್ಪ ಬಲಗೈಯಿಂದ ಕಣ್ಣೊರೆಸಿಕೊಂಡ. ಪೊರೆಯ ಕಣ್ಣಿಗೆ ಸಂಜೆ ನೀರು ಬರುತ್ತದೆ, ಅಷ್ಟೇ ಇರಬಹುದು. ಜೀಪು ಬಿಟ್ಟು ಎಂಟು ವರ್ಷವಾದರೂ ಆ ಮುಂಗೈ ಇನ್ನೂ ಹಾಗೇ ಇತ್ತು.

"ಇರ್ಲಿ," ಎಂದ ಕೊನೆಗೆ. "ನಮ್ಮಾಕಿ ಎಲ್ಲೆ? ಇದರಾಗ ನಮ್ಮಾಕಿ ಯಾವಾಕಿ, ನನಗ ತಿಳೀವಲ್ದು."

"ಬಣ್ಣ ಹಚ್ಚದಾಕಿ" ಎಂದಳು ಪಾವನಾ.

ಅವಳು ಫೋನನ್ನು ಮಗಳ ಕಡೆ ತಿರುಗಿಸಿದಳು. ಸ್ಪಂದನಾ ಕುರ್ಚಿಯ ಮೇಲೆ ಕೂತೇ ಇದ್ದಳು, ಒಂದು ಕೈ ಕಿವಿಯ ಹಿಂದೆ, ಕೂದಲೊಳಗೆ. ಸುತ್ತ ಹನ್ನೊಂದು ಕಪ್ಪು ಮುಖಗಳು ಅವಳನ್ನೇ ನೋಡುತ್ತಿದ್ದವು. ಮಗಳು ಪರದೆಯನ್ನು ನೋಡಿದಳು, ತಾಯಿಯನ್ನು ನೋಡಿದಳು, ಮತ್ತೆ ಪರದೆಯನ್ನು ನೋಡಿದಳು. ಎದ್ದು ಬರುತ್ತಾಳೋ ಇಲ್ಲವೋ ಹೇಳುವಂತಿರಲಿಲ್ಲ. ಪಾವನಾ ಬಣ್ಣದ ಮುಂಗೈಯನ್ನು ಚಾಚಿಕೊಂಡು, ಅದು ನೋಯತೊಡಗಿದ ಮೇಲೂ ಇಳಿಸದೆ, ನಿಂತೇ ಇದ್ದಳು.